ಚುಕ್ಕೆ ಹೆಚ್ಚಿದರೆ ಚಿತ್ರ ಹೆಚ್ಚೀತೆ?

ಕಳೆದ ಬೇಸಗೆಯ ರಜಕ್ಕೆ ನಾನು ಊರಿಗೆ ಹೋದ ಮೂರನೆಯ ದಿನವೇ ನಮ್ಮ ಮನೆಯ ಹಳೆಯ ಟಿ.ವಿ. ಕಣ್ಣು ಮುಚ್ಚಿತು. ಒಡನೆಯೇ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡವು. ಪಟ್ಟಣದ ಅಂಗಡಿಗೆ ಹೋಗಿ ನೋಡಿಕೊಂಡು ಬಂದ ಅಣ್ಣನದು ಒಂದು ಪಕ್ಷ. ಕೊಂಡರೆ 4ಕೆ ಟಿ.ವಿ.ಯನ್ನೇ ಕೊಳ್ಳಬೇಕು, ಅದಕ್ಕೆ ತಕ್ಕ ಇಂಟರ್‌ನೆಟ್ ಹಾಕಿಸಬೇಕು, ಚಲನಚಿತ್ರಗಳ ಚಂದಾವನ್ನೂ ಮೇಲಿನ ದರ್ಜೆಯದಕ್ಕೇ ಕಟ್ಟಬೇಕು ಎಂದು ಅವನ ವಾದ. ಅಪ್ಪನದು ಇನ್ನೊಂದು ಪಕ್ಷ. ಅವರು ಹೆಚ್ಚು ಮಾತನಾಡಲಿಲ್ಲ, ಕೇಳಿದುದು ಒಂದೇ ಪ್ರಶ್ನೆ: "ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಕಾಣುತ್ತದೆಯೇನೋ?" ಅಣ್ಣ ಸುಮ್ಮನಾದ. ಅಪ್ಪ ನನ್ನ ಕಡೆಗೆ ತಿರುಗಿ, "ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವವನು ನೀನಲ್ಲವೆ, ನೀನಾದರೂ ಹೇಳು" ಎಂದರು. ಹೇಳಲು ನನ್ನಲ್ಲಿಯೂ ಉತ್ತರವಿರಲಿಲ್ಲ. ಅಂದಿನಿಂದ ಓದಿ, ಅಳೆದು, ಲೆಕ್ಕ ಹಾಕಿ ನಾನು ಕಂಡುಕೊಂಡ ಉತ್ತರವೇ ಈ ಲೇಖನ. ಇಂಥ ಚರ್ಚೆ ನಮ್ಮ ಮನೆಯೊಂದರಲ್ಲೇ ನಡೆಯುವುದಲ್ಲವಾದುದರಿಂದ ವಿದ್ಯಾರ್ಥಿಮಿತ್ರರಿಗೂ ಗುರುಗಳಿಗೂ ಇದನ್ನು ಒಪ್ಪಿಸುವ ಧೈರ್ಯ ಮಾಡಿದ್ದೇನೆ.

ಮೊದಲು ಈ ಸಂಖ್ಯೆಗಳ ಅರ್ಥವೇನೆಂದು ನೋಡೋಣ. ಪರದೆಯ ಮೇಲೆ ನಾವು ಕಾಣುವ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದಾದುದು. ರಂಗೋಲಿಗೆ ಚುಕ್ಕೆ ಹೇಗೋ ಹಾಗೆ ಚಿತ್ರಕ್ಕೆ ಈ ಚುಕ್ಕೆ. ಇದಕ್ಕೆ ಪಿಕ್ಸೆಲ್ ಎಂದು ಹೆಸರು. ಅಡ್ಡಸಾಲಿನಲ್ಲಿ ಎಷ್ಟು ಚುಕ್ಕೆ, ಕಂಬಸಾಲಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕವನ್ನೇ ರೆಸಲ್ಯೂಷನ್ ಎನ್ನುತ್ತಾರೆ.

ಮನೆಯಲ್ಲಿ ಕುಳಿತು ಸಿನಿಮಾ ನೋಡುವ ಸೌಕರ್ಯ ಜನಸಾಮಾನ್ಯರಿಗೆ ಒದಗಿದ್ದು ವಿಡಿಯೊ ಕ್ಯಾಸೆಟ್‌ಗಳಿಂದ. ಜಪಾನಿನಲ್ಲಿ 1975ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆ.ವಿ.ಸಿ. ಕಂಪನಿಯ ವಿ.ಎಚ್.ಎಸ್. ಹೊರಬಂದವು. ವಿ.ಎಚ್.ಎಸ್. ಚಿತ್ರದ ಸೂಕ್ಷ್ಮತೆಯನ್ನು ಸುಮಾರು 240 ಗೆರೆಗಳೆಂದು ಹೇಳುವುದು ವಾಡಿಕೆ. ನಮ್ಮ ತಂದೆಯ ಕಾಲದವರು ಹಬ್ಬಹುಣ್ಣಿಮೆಗಳಲ್ಲಿ ಟಿ.ವಿ.ಯನ್ನೂ ಕ್ಯಾಸೆಟ್ ಯಂತ್ರವನ್ನೂ ಒಂದು ರಾತ್ರಿಯ ಬಾಡಿಗೆಗೆ ತಂದು, ಬೀದಿಗೆ ಬೀದಿಯೇ ಕೂಡಿ, ಬೆಳಗಾಗುವವರೆಗೆ ಮೂರು ಚಿತ್ರಗಳನ್ನು ನೋಡುತ್ತಿದ್ದುದು ಇದರಲ್ಲಿಯೇ. 1993ರಲ್ಲಿ ವಿಡಿಯೊ ಸಿಡಿ ಬಂದಿತು. ಅದರಲ್ಲಿ ಅಡ್ಡಕ್ಕೆ 352, ಕಂಬಕ್ಕೆ 288 ಚುಕ್ಕೆಗಳು. ಗುಣಿಸಿದರೆ ಸುಮಾರು ಒಂದು ಲಕ್ಷ. 1996ರಲ್ಲಿ ಡಿವಿಡಿ ಬಂದಿತು. ನಮ್ಮ ದೇಶದ ಪದ್ಧತಿಯಲ್ಲಿ ಅದಕ್ಕೆ 720 ಮತ್ತು 576, ಎಂದರೆ ಸುಮಾರು ನಾಲ್ಕು ಲಕ್ಷ ಚುಕ್ಕೆಗಳು. 2006ರಲ್ಲಿ ಬಂದ ಬ್ಲೂ-ರೇ ತಟ್ಟೆಯಲ್ಲಿ 1920 ಮತ್ತು 1080, ಸುಮಾರು ಇಪ್ಪತ್ತು ಲಕ್ಷ. ಫುಲ್ ಎಚ್‌ಡಿ ಎನ್ನುವುದು ಇದನ್ನೇ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇಯಲ್ಲಿ 3840 ಮತ್ತು 2160, ಸುಮಾರು ಎಂಬತ್ತಮೂರು ಲಕ್ಷ. ಅಂಗಡಿಯವರು 4ಕೆ ಎಂದು ಕರೆಯುವುದು ಇದನ್ನು. 8ಕೆ ಎಂಬುದೂ ಉಂಟು. ಅದರ ಚುಕ್ಕೆಗಳು ಮೂರು ಕೋಟಿಯನ್ನು ಮೀರುತ್ತವೆ.

ಒಂದು ಲಕ್ಷ, ನಾಲ್ಕು ಲಕ್ಷ, ಇಪ್ಪತ್ತು ಲಕ್ಷ, ಎಂಬತ್ತಮೂರು ಲಕ್ಷ! ಮೆಟ್ಟಿಲುಗಳು ಒಂದಕ್ಕಿಂತ ಒಂದು ಎತ್ತರವಾಗಿವೆ. ಆದರೆ ಈ ಮೆಟ್ಟಿಲುಗಳನ್ನು ಹತ್ತಬೇಕಾದುದು ನಮ್ಮ ಕಣ್ಣು. ಅದಕ್ಕೆ ಎಷ್ಟು ಶಕ್ತಿಯುಂಟೆಂದು ವಿಚಾರಿಸದೆ ಬರಿಯ ಮೆಟ್ಟಿಲು ಎಣಿಸಿದರೆ ಏನು ಫಲ?

ಕಣ್ಣಿನ ವೈದ್ಯರ ಬಳಿಗೆ ಹೋದವರೆಲ್ಲ ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟವನ್ನು ಕಂಡಿರುತ್ತಾರೆ. ಅದನ್ನು 1862ರಲ್ಲಿ ರಚಿಸಿದವನು ಹಾಲೆಂಡ್ ದೇಶದ ಹರ್ಮನ್ ಸ್ನೆಲೆನ್ ಎಂಬ ವೈದ್ಯ. ಒಂದು ಡಿಗ್ರಿ ಕೋನವನ್ನು ಅರವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅಂತರವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲ ಕಣ್ಣು ಆರೋಗ್ಯವಾದ ಕಣ್ಣು ಎಂಬುದು ಆ ಪಟದ ಹಿಂದಿರುವ ಅಳತೆ. 6/6 ದೃಷ್ಟಿ ಎಂದರೆ ಇಷ್ಟೇ. ಇದನ್ನು ದೂರಕ್ಕೆ ತಿರುಗಿಸಿ ಹೇಳುವುದಾದರೆ, ನಾವು ನಿಂತಿರುವ ದೂರವನ್ನು 3438ರಿಂದ ಭಾಗಿಸಿದಾಗ ಬರುವಷ್ಟು ಅಂತರವೇ ಆ ದೂರದಿಂದ ನಮಗೆ ಕಾಣಬಹುದಾದ ಅತಿ ಸಣ್ಣ ವಿವರ. ಅದಕ್ಕಿಂತ ಹತ್ತಿರವಾಗಿರುವ ಎರಡು ಚುಕ್ಕೆಗಳು ಕಣ್ಣಿಗೆ ಒಂದೇ ಆಗಿಬಿಡುತ್ತವೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಒಂದು ಗ್ರಾಫ್ ಹಾಳೆಯನ್ನು ತೆಗೆದುಕೊಂಡು, ಅಂಗೈಯಗಲದ ಜಾಗದಲ್ಲಿ ಒಂದು ಮಿಲಿಮೀಟರಿನ ಒಂದು ಸಾಲಿಗೆ ಕಪ್ಪು ಶಾಯಿ ತುಂಬಿ, ಪಕ್ಕದ ಸಾಲನ್ನು ಬಿಳಿಯಾಗಿ ಬಿಟ್ಟು, ಹೀಗೆಯೇ ಮುಂದುವರಿಸಿ. ಹಾಳೆಯನ್ನು ಬೆಳಕಿರುವ ಗೋಡೆಗೆ ಅಂಟಿಸಿ ಹಿಂದೆ ಹಿಂದೆ ಸರಿಯಿರಿ. ಮೊದಲು ಪಟ್ಟೆ ಪಟ್ಟೆಯಾಗಿ ಕಂಡದ್ದು ಒಂದು ದೂರದಲ್ಲಿ ಇದ್ದಕ್ಕಿದ್ದಂತೆ ಬರಿಯ ಬೂದುಬಣ್ಣದ ಚೌಕವಾಗಿಬಿಡುತ್ತದೆ. ಲೆಕ್ಕದ ಪ್ರಕಾರ ಆ ದೂರ ಸುಮಾರು 11 ಅಡಿ. ನಾನು ಇದನ್ನು ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ ಗೆಳೆಯರೊಡನೆ ಮಾಡಿ ನೋಡಿದೆ. ಬಹುಮಂದಿಗೆ 11 ಅಡಿಯ ಆಚೀಚೆಯಲ್ಲಿಯೇ ಪಟ್ಟೆಗಳು ಕರಗಿದವು. ಒಬ್ಬ ಚುರುಕುಗಣ್ಣಿನವನು ಮಾತ್ರ 14 ಅಡಿಯಲ್ಲೂ ಪಟ್ಟೆ ಎಣಿಸುತ್ತಿದ್ದ. ಕನ್ನಡಕ ಮರೆತು ಬಂದಿದ್ದ ಇನ್ನೊಬ್ಬನಿಗೆ 5 ಅಡಿಯಲ್ಲೇ ಎಲ್ಲವೂ ಬೂದಿಯಾಯಿತು.

ಇದೇ ಹಾಳೆಯನ್ನು ಊರಿಗೂ ಒಯ್ದೆ. ಅಪ್ಪನ ಕಣ್ಣು 10 ಅಡಿಯವರೆಗೆ ಬಂದಿತು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಟಿ.ವಿ. ನೋಡುವವರು ಅಜ್ಜಿ. ಅವರನ್ನು ಗೋಡೆಯಿಂದ 3 ಅಡಿ ದೂರದಲ್ಲಿ ನಿಲ್ಲಿಸಿ, "ಅಜ್ಜಿ, ಏನು ಕಾಣುತ್ತದೆ?" ಎಂದೆ. "ಏನಪ್ಪ ಇದು, ಬೂದಿ ಬಳಿದ ಕಾಗದ ಅಂಟಿಸಿದ್ದೀಯಲ್ಲ" ಎಂದರು. ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ನಮ್ಮ ನಡುಮನೆಯ ಲೆಕ್ಕ. ಟಿ.ವಿ. ಇಡುವ ಗೋಡೆಯಿಂದ ಅಪ್ಪನ ಆರಾಮಕುರ್ಚಿಗೆ 9 ಅಡಿ. ಅಷ್ಟು ದೂರದಿಂದ ಆರೋಗ್ಯವಾದ ಕಣ್ಣಿಗೆ ಕಾಣಬಹುದಾದ ಅತಿ ಸಣ್ಣ ಚುಕ್ಕೆಯ ಗಾತ್ರ ಸುಮಾರು 0.8 ಮಿಲಿಮೀಟರ್. ಅಣ್ಣ ಮೆಚ್ಚಿಬಂದದ್ದು 43 ಅಂಗುಲದ ಪರದೆ. ಅಂಗುಲವೆಂದರೆ ಮೂಲೆಯಿಂದ ಮೂಲೆಗೆ ಅಳೆದ ಅಳತೆ. ಅದರ ಅಗಲ ಸುಮಾರು 95 ಸೆಂಟಿಮೀಟರ್. ಡಿವಿಡಿಯ ಚಿತ್ರವನ್ನು ಅದರ ತುಂಬ ಹರಡಿದರೆ ಒಂದೊಂದು ಸಾಲಿನ ಎತ್ತರ 0.9 ಮಿಲಿಮೀಟರಿಗೆ ತುಸು ಹೆಚ್ಚು. ಇದು ಕಣ್ಣಿನ ಎಲ್ಲೆಗಿಂತ ಸ್ವಲ್ಪ ದೊಡ್ಡದು. ಆದುದರಿಂದ ಚಿತ್ರ ಕೊಂಚ ಮಸುಕೆನ್ನಿಸುವುದು ನಿಜ. ಫುಲ್ ಎಚ್‌ಡಿಯಲ್ಲಿ ಚುಕ್ಕೆಯ ಗಾತ್ರ 0.5 ಮಿಲಿಮೀಟರ್. ಇದು ಆಗಲೇ ಕಣ್ಣಿನ ಎಲ್ಲೆಯನ್ನು ದಾಟಿ ಒಳಗೆ ಹೋಯಿತು. 4ಕೆಯಲ್ಲಿ ಅದು 0.25 ಮಿಲಿಮೀಟರ್. 0.5 ಅನ್ನೇ ಬಿಡಿಸಿ ನೋಡಲಾರದ ಕಣ್ಣಿಗೆ 0.25 ಇದ್ದರೇನು, ಅದರ ಅರ್ಧವಿದ್ದರೇನು? ಬಾವಿಯ ಆಳ ಇನ್ನೂರು ಅಡಿ ಇರಬಹುದು, ಆದರೆ ನಮ್ಮ ಹಗ್ಗ ಐವತ್ತೇ ಅಡಿಯಾದರೆ ಕೊಡಕ್ಕೆ ಬರುವ ನೀರು ಹಗ್ಗದ ಅಳತೆಯದೇ.

ಆ ಪರದೆಯ ಮುಂದೆ 4ಕೆಯ ಹೆಚ್ಚಿಗೆ ಕಾಣತೊಡಗಬೇಕಾದರೆ ಸುಮಾರು ಐದೂವರೆ ಅಡಿಗಿಂತ ಹತ್ತಿರ ಕುಳಿತುಕೊಳ್ಳಬೇಕು; ಪೂರ್ಣ ಲಾಭ ಬೇಕೆಂದರೆ ಮೂರಡಿಯೊಳಗೆ ಬರಬೇಕು. ಅಥವಾ ಅಪ್ಪ ಕುರ್ಚಿಯನ್ನು ಸರಿಸದೆ 9 ಅಡಿಯಲ್ಲೇ ಕುಳಿತು ಫುಲ್ ಎಚ್‌ಡಿ ಸಾಲದೆಂದು ಹೇಳಬೇಕಾದರೆ ಪರದೆ 70 ಅಂಗುಲವನ್ನಾದರೂ ಮುಟ್ಟಿರಬೇಕು.

"ಹಾಗಾದರೆ ಅಂಗಡಿಯಲ್ಲಿ ನಾನು ಕಂಡ ವ್ಯತ್ಯಾಸ ಸುಳ್ಳೇ?" ಎಂದು ಅಣ್ಣ ಕೇಳಿದ. ಸುಳ್ಳಲ್ಲ. ಅಂಗಡಿಯಲ್ಲಿ ಅವನು ನಿಂತದ್ದು ಪರದೆಯಿಂದ ಮೂರಡಿ ದೂರದಲ್ಲಿ. ಅಲ್ಲಿ ತೋರಿಸುವುದು ಪ್ರದರ್ಶನಕ್ಕೆಂದೇ ತೆಗೆದ ಹೂವು, ಹಣ್ಣು, ನಗರಗಳ ಚಿತ್ರಗಳನ್ನು. ಬೆಳಕನ್ನೂ ಬಣ್ಣವನ್ನೂ ಕಟ್ಟಕಡೆಯ ಮಟ್ಟಕ್ಕೆ ಏರಿಸಿ. ಮನೆಯಲ್ಲಿ ನಾವು ನೋಡುವುದು ಒಂಬತ್ತು ಅಡಿಯಿಂದ, ವಾರ್ತೆಗಳನ್ನೂ ಧಾರಾವಾಹಿಗಳನ್ನೂ ಹಳೆಯ ಚಿತ್ರಗಳನ್ನೂ.

ಇಲ್ಲಿ ಎರಡು ಮಾತುಗಳನ್ನು ನ್ಯಾಯವಾಗಿ ಹೇಳಬೇಕು. ಒಂದು, ಒಡಿಗ್ರಿಯ ಅರವತ್ತನೆಯ ಪಾಲೆಂಬುದು ಎಲ್ಲರ ಕಣ್ಣಿಗೂ ಹಾಕಿದ ಬೇಲಿಯಲ್ಲ. ಎಳೆಯ ಕಣ್ಣುಗಳು ಅದನ್ನು ಮೀರುವುದುಂಟು, ಮೊಗಸಾಲೆಯ ಗೆಳೆಯನಂತೆ. ಎರಡು, ಗೋಡೆಯಗಲದ ಪರದೆಗೆ ಪ್ರೊಜೆಕ್ಟರಿನಿಂದ ಚಿತ್ರ ಬಿಡುವವರಿಗೆ ಹೆಚ್ಚಿನ ಚುಕ್ಕೆಗಳು ನಿಜವಾಗಿಯೂ ಬೇಕು. ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಇದನ್ನು ಒಪ್ಪುತ್ತಾರೆ. ಹಿಂದಿನ ಸಾಲಿನ ನಮ್ಮಂಥವರಿಗೆ ಅಲ್ಲಿಯೂ ಭೇದ ತಿಳಿಯದು!

ಚುಕ್ಕೆಯ ಎಣಿಕೆಗಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ. ಫುಲ್ ಎಚ್‌ಡಿ ಚಿತ್ರವನ್ನು ಏನೂ ಅಡಕಮಾಡದೆ, ಕ್ಷಣಕ್ಕೆ 24 ಚಿತ್ರಗಳಂತೆ ಕಳಿಸುವುದಾದರೆ ಪ್ರತಿ ಸೆಕೆಂಡಿಗೆ ಸುಮಾರು 1,200 ಮೆಗಾಬಿಟ್ ಮಾಹಿತಿ ಬೇಕು. ಅಷ್ಟನ್ನು ಸಿನಿಮಾ ತಟ್ಟೆಯೂ ಹೊರಲಾರದು, ಸಾಮಾನ್ಯ ಮನೆಯ ಇಂಟರ್‌ನೆಟ್ ತಂತಿಯೂ ಹೊರಲಾರದು. ಆದುದರಿಂದ ಅದನ್ನು ಹಿಂಡಿ ಚಿಕ್ಕದು ಮಾಡುತ್ತಾರೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಬದಲಾಗದೆ ಉಳಿದ ಭಾಗವನ್ನು ಮತ್ತೆ ಕಳಿಸುವುದಿಲ್ಲ. ಕಣ್ಣು ಗಮನಿಸಲಾರದ ವಿವರವನ್ನು ಬಿಟ್ಟುಬಿಡುತ್ತಾರೆ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್, ಬ್ಲೂ-ರೇಯಲ್ಲಿ 40ರವರೆಗೆ. ಅಲ್ಟ್ರಾ ಎಚ್‌ಡಿ ತಟ್ಟೆಯಲ್ಲಿ ಎಲ್ಲವೂ ಸೇರಿ 100ನ್ನೂ ಮೀರಬಹುದು. ಇಂಟರ್‌ನೆಟ್ಟಿನ ಮೂಲಕ ಬರುವ 4ಕೆ ಚಿತ್ರಕ್ಕಾದರೋ ಸುಮಾರು 15 ಮೆಗಾಬಿಟ್ಟಿನ ಸಂಪರ್ಕವಿದ್ದರೆ ಸಾಕೆನ್ನುತ್ತಾರೆ.

ಇದರ ಅರ್ಥವೇನು? ಹೆಸರು ಒಂದೇ ಆದರೂ ತಟ್ಟೆಯ 4ಕೆ ಬೇರೆ, ತಂತಿಯ 4ಕೆ ಬೇರೆ. ಒಂದು ಸೇರು ಹಾಲನ್ನು ನಾಲ್ಕು ಲೋಟಕ್ಕೆ ಹಂಚಿದರೂ ಹದಿನಾರು ಲೋಟಕ್ಕೆ ಹಂಚಿದರೂ ಹಾಲು ಒಂದೇ ಸೇರು. ಹೊಸ ವಿಧಾನಗಳು ಹಳೆಯವಕ್ಕಿಂತ ಜಾಣತನದಿಂದ ಹಿಂಡುತ್ತವೆಂಬುದು ನಿಜ. ಆದರೂ ಮಳೆ, ಹೊಗೆ, ನೀರಿನ ಅಲೆ, ಕತ್ತಲ ಕೋಣೆ, ಇಂಥ ದೃಶ್ಯಗಳು ಬಂದಾಗ ಮಾಹಿತಿ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅಂಥಲ್ಲಿ ಮಾಹಿತಿ ಧಾರಾಳವಾಗಿರುವ ಬ್ಲೂ-ರೇ ತಟ್ಟೆಯ ಚಿತ್ರ ತಂತಿಯಲ್ಲಿ ಬರುವ 4ಕೆಗಿಂತ ನೆಮ್ಮದಿಯಾಗಿ ಕಾಣುವುದುಂಟು. ನಮ್ಮ ಊರಿನಂತೆ ಸಂಜೆಯಾದೊಡನೆ ಇಂಟರ್‌ನೆಟ್ ಕುಂಟುವ ಕಡೆ 4ಕೆ ಚಂದಾ ಕಟ್ಟಿದರೂ ಮನೆಗೆ ಬರುವುದು ಅದಕ್ಕಿಂತ ಕೆಳದರ್ಜೆಯ ಚಿತ್ರವೇ. ಎರಡೂವರೆ ಗಂಟೆಯ ಚಿತ್ರವೊಂದನ್ನು 15 ಮೆಗಾಬಿಟ್ಟಿನಂತೆ ನೋಡಿದರೆ ಸುಮಾರು 17 ಗಿಗಾಬೈಟ್ ಮುಗಿಯುತ್ತದೆ. 5 ಮೆಗಾಬಿಟ್ಟಿನ ಫುಲ್ ಎಚ್‌ಡಿಯಾದರೆ ಆರಕ್ಕಿಂತ ಕಡಮೆ. ದಿನಕ್ಕಿಷ್ಟೆಂದು ಅಳೆದು ಡೇಟಾ ಕೊಳ್ಳುವವರು ಈ ಲೆಕ್ಕವನ್ನು ಮರೆಯಬಾರದು.

4ಕೆ ತಟ್ಟೆಯನ್ನು ಹಾಕಿ ನೋಡಿದ ಕೆಲವರು, ದೂರದಲ್ಲಿ ಕುಳಿತಿದ್ದರೂ, "ಚಿತ್ರ ಜೀವ ತುಂಬಿದ ಹಾಗಿದೆ" ಎನ್ನುತ್ತಾರೆ. ಅವರದು ಭ್ರಮೆಯೆಂದು ತಳ್ಳಿಹಾಕಲಾಗದು. ಆ ತಟ್ಟೆಗಳಲ್ಲಿ ಚುಕ್ಕೆಯ ಜೊತೆಗೆ ಎಚ್.ಡಿ.ಆರ್. ಎಂಬ ಇನ್ನೊಂದು ಗುಣವೂ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಒಂದೊಂದು ಮೂಲಬಣ್ಣಕ್ಕೆ 256 ಮಟ್ಟಗಳು, ಹೊಸದರಲ್ಲಿ 1024. ದೀಪದ ಕುಡಿ ಹೆಚ್ಚು ಬೆಳಗುತ್ತದೆ, ನೆರಳು ಹೆಚ್ಚು ಆಳವಾಗುತ್ತದೆ, ಸಂಜೆಯ ಬಾನಿನಲ್ಲಿ ಬಣ್ಣ ಬಣ್ಣದ ಪಟ್ಟಿಗಳು ಏಳದೆ ಒಂದರೊಳಗೊಂದು ಬೆರೆಯುತ್ತವೆ. ಇದು ದೂರದಿಂದಲೂ ಕಾಣುವ ಲಾಭ. ಆದರೆ ಇದರ ಕೀರ್ತಿ ಚುಕ್ಕೆಗಳಿಗೆ ಸಲ್ಲತಕ್ಕದ್ದಲ್ಲ. ಪರದೆಗೆ ಸಾಕಷ್ಟು ಬೆಳಕೂ, ಕಪ್ಪನ್ನು ಕಪ್ಪಾಗಿ ತೋರಿಸುವ ಶಕ್ತಿಯೂ ಇದ್ದರೆ ಮಾತ್ರ ಅದು ದಕ್ಕುತ್ತದೆ. ಕಡಮೆ ಬೆಲೆಯ ಎಷ್ಟೋ ಟಿ.ವಿ.ಗಳು ಡಬ್ಬದ ಮೇಲೆ ಎಚ್.ಡಿ.ಆರ್. ಎಂದು ಬರೆದುಕೊಂಡಿದ್ದರೂ ಈ ಶಕ್ತಿಯನ್ನು ಪಡೆದಿರುವುದಿಲ್ಲ.

ಇನ್ನು ಮೂಲದ ಮಾತು. ಬಾವಿಯಲ್ಲಿಲ್ಲದ ನೀರು ಕೊಡಕ್ಕೆ ಬಾರದು. ಡೇವಿಡ್ ಲೀನ್ ನಿರ್ದೇಶಿಸಿದ 1962ರ 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರವನ್ನು 65 ಮಿಲಿಮೀಟರಿನ ದೊಡ್ಡ ಫಿಲಂನಲ್ಲಿ ತೆಗೆದಿದ್ದರು. ಅದರ ನೆಗೆಟಿವ್‌ನಲ್ಲಿ ಅಡಗಿದ್ದ ವಿವರ ಎಷ್ಟಿತ್ತೆಂದರೆ, ಐವತ್ತು ವರ್ಷಗಳ ಮೇಲೆ, 2012ರಲ್ಲಿ, 8ಕೆಯಲ್ಲಿ ಪ್ರತಿಮಾಡಿ 4ಕೆಯಲ್ಲಿ ಜೀರ್ಣೋದ್ಧಾರ ಮಾಡಲು ಸಾಧ್ಯವಾಯಿತು. ಇದಕ್ಕೆ ವಿರುದ್ಧವಾಗಿ 2002ರ '28 ಡೇಸ್ ಲೇಟರ್' ಎಂಬ ಇಂಗ್ಲಿಷ್ ಚಿತ್ರದ ಹೆಚ್ಚಿನ ಭಾಗವನ್ನು ಡಿವಿಡಿಯ ಮಟ್ಟದ ಚಿಕ್ಕ ವಿಡಿಯೊ ಕ್ಯಾಮರಾದಲ್ಲಿ ತೆಗೆದರು. ನಲವತ್ತು ವರ್ಷ ಹಿರಿಯದಾದ ಚಿತ್ರದಲ್ಲಿರುವ ವಿವರ ಇದರಲ್ಲಿಲ್ಲ. ಯಾವ ತಟ್ಟೆಗೆ ಹಾಕಿದರೂ ಬರುವುದೂ ಇಲ್ಲ. ಈ ಶತಮಾನದ ಎಷ್ಟೋ ಚಿತ್ರಗಳು 2ಕೆ ಮಟ್ಟದಲ್ಲಿಯೇ ಸಿದ್ಧವಾದವು. ಅವುಗಳ 4ಕೆ ತಟ್ಟೆಯೆಂದರೆ ಹಿಗ್ಗಿಸಿದ ಚಿತ್ರವೇ ಹೊರತು ಹೊಸ ವಿವರವಲ್ಲ.

ನಮ್ಮ ಕನ್ನಡಕ್ಕೆ ಈ ಮಾತು ಇನ್ನೂ ಹತ್ತಿರದ್ದು. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಕಪ್ಪು-ಬಿಳುಪಿನ ಚಿತ್ರ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಅದರ ಮೂಲ ನೆಗೆಟಿವ್ ಉಳಿದುಬಂದಿದ್ದುದರಿಂದ ಫಿಲಂ ಹೆರಿಟೇಜ್ ಫೌಂಡೇಷನ್ ಮುಂತಾದ ಸಂಸ್ಥೆಗಳು ಸೇರಿ ಅದನ್ನು 4ಕೆಯಲ್ಲಿ ಜೀರ್ಣೋದ್ಧಾರ ಮಾಡಿದವು. 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಇಲ್ಲಿ 4ಕೆ ವ್ಯರ್ಥವೆಂದು ನಾನು ಹೇಳಲಾರೆ. ಒಂದು ಕೃತಿಯನ್ನು ಮುಂದಿನ ತಲೆಮಾರಿಗೆ ಉಳಿಸಿಕೊಡುವವರು ತಮ್ಮ ಕಾಲದ ಅತ್ಯುತ್ತಮ ಅಳತೆಯಲ್ಲಿಯೇ ಉಳಿಸಬೇಕು. ನೋಡುವವನ ಕಣ್ಣಿಗೆ ಎಲ್ಲೆಯುಂಟು. ಕಾಪಾಡುವವನ ಕರ್ತವ್ಯಕ್ಕೆ ಆ ಎಲ್ಲೆಯಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ಮರಳಿ ತರುವ ರೆಸಲ್ಯೂಷನ್ ಯಾವುದೂ ಇಲ್ಲ. ಜೀರ್ಣೋದ್ಧಾರಕ್ಕೆ ಇನ್ನೊಂದು ಲಾಭವೂ ಉಂಟು. ಚೆನ್ನಾಗಿ ಶುದ್ಧಿಮಾಡಿದ ಪ್ರತಿಯನ್ನು ಫುಲ್ ಎಚ್‌ಡಿಯಲ್ಲಿ ನೋಡಿದರೂ, ಗೀರುಬಿದ್ದ ಹಳೆಯ ಪ್ರತಿಯನ್ನು 4ಕೆಗೆ ಹಿಗ್ಗಿಸಿ ನೋಡುವುದಕ್ಕಿಂತ ಅದೆಷ್ಟೋ ಮೇಲು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಾಠಕ್ಕೆ ಬರುತ್ತೇನೆ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ನಮ್ಮ ತರಗತಿಯವರೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಹಸಿದವನಿಗೆ ಮೊದಲ ಮುದ್ದೆ ಅಮೃತ, ಎರಡನೆಯದು ಊಟ, ಮೂರನೆಯದು ಒತ್ತಾಯ, ನಾಲ್ಕನೆಯದು ಅಜೀರ್ಣ. ಕ್ಯಾಸೆಟ್ಟಿನಿಂದ ಡಿವಿಡಿಗೆ ಹೋದಾಗ ಆದ ಲಾಭವನ್ನು ಕಣ್ಣಿದ್ದವರೆಲ್ಲ ಕಂಡರು. ಡಿವಿಡಿಯಿಂದ ಫುಲ್ ಎಚ್‌ಡಿಗೆ ಹೋದಾಗ ಸಾಧಾರಣ ಮನೆಯಲ್ಲಿ ಗಮನವಿಟ್ಟು ನೋಡುವವರು ಕಂಡರು. ಫುಲ್ ಎಚ್‌ಡಿಯಿಂದ 4ಕೆಗೆ ಹೋದಾಗ ದೊಡ್ಡ ಪರದೆಯ ಹತ್ತಿರ ಕೂರುವವರು ಮಾತ್ರ ಕಾಣುತ್ತಾರೆ. 8ಕೆಯ ಲಾಭವನ್ನು ಕಾಣಲು ಸಾಮಾನ್ಯರ ಮನೆಯ ನಡುಮನೆಯೇ ಸಾಲದು. ಬೆಲೆ ಮೇಲಕ್ಕೆ, ತುಷ್ಟಿ ಕೆಳಕ್ಕೆ. ಪುಸ್ತಕದಲ್ಲಿ ಒಣಗಿದಂತೆ ತೋರಿದ ರೇಖಾಚಿತ್ರ ನಮ್ಮ ನಡುಮನೆಯಲ್ಲಿ ನನಗೆ ಮೊದಲ ಬಾರಿ ಅರ್ಥವಾಯಿತು.

ಈಗ ಅಜ್ಜಿಯ ವಿಷಯ. ಗ್ರಾಫ್ ಹಾಳೆಯ ಪರೀಕ್ಷೆಯಾದ ಮರುವಾರ ಅಪ್ಪ ಅವರನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಇಷ್ಟು ದಿನ ಅವರು ಧಾರಾವಾಹಿಯ ಪಾತ್ರಗಳನ್ನು ಗುರುತಿಸುತ್ತಿದ್ದುದು ಮುಖದಿಂದಲ್ಲ, ದನಿಯಿಂದ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. "ಟಿ.ವಿ.ಯೇ ಹಳೆಯದಾಯಿತು, ಅದಕ್ಕೇ ಮಬ್ಬು ಎಂದುಕೊಂಡಿದ್ದೆ" ಎಂದರು. ನಾವೂ ಹಾಗೆಯೇ ಎಂದುಕೊಂಡು ಹೊಸ ಟಿ.ವಿ.ಯ ಚುಕ್ಕೆಗಳನ್ನು ಎಣಿಸುತ್ತ ಕುಳಿತಿದ್ದೆವಲ್ಲ! ತಿಂಗಳೊಪ್ಪತ್ತಿನ ಅಂತರದಲ್ಲಿ ಎರಡು ಕಣ್ಣಿಗೂ ಶಸ್ತ್ರಚಿಕಿತ್ಸೆಯಾಯಿತು. ಟಿ.ವಿ.ಯನ್ನು 43 ಅಂಗುಲದ ಫುಲ್ ಎಚ್‌ಡಿಯಲ್ಲಿಯೇ ಕೊಂಡೆವು. ಉಳಿದ ಹಣ ಅಜ್ಜಿಯ ಔಷಧಿ, ಓಡಾಟ, ಹೊಸ ಕನ್ನಡಕಗಳಿಗೆ ಆಯಿತು. ಅಣ್ಣ ಮೊದಲು ಮುಖ ಊದಿಸಿಕೊಂಡಿದ್ದರೂ, ಪರದೆಯನ್ನು ಕಿಟಕಿಯ ಬೆಳಕು ಬೀಳದ ಗೋಡೆಗೆ ಕೂರಿಸಿ, ಅಂಗಡಿಯವರು ಏರಿಸಿಟ್ಟಿದ್ದ ಬೆಳಕು ಬಣ್ಣಗಳನ್ನು ಸಿನಿಮಾ ಮಾದರಿಗೆ ಇಳಿಸಿದವನು ಅವನೇ. ಕಾಸಿನ ಖರ್ಚಿಲ್ಲದೆ ಆದ ಈ ಸುಧಾರಣೆಯನ್ನು ಮನೆಯವರೆಲ್ಲರೂ ಕಂಡರು.

ಆದುದರಿಂದ ಕೇಳುವವರಿಗೆ ನಾನು ಹೇಳುವುದಿಷ್ಟು. ಮೊದಲು ಕಣ್ಣು ತೋರಿಸಿಕೊಳ್ಳಿ. ಆಮೇಲೆ ಕುರ್ಚಿಯಿಂದ ಗೋಡೆಗೆ ದಾರ ಹಿಡಿದು ಅಳೆಯಿರಿ. ದೂರ ಹೆಚ್ಚಿ ಪರದೆ ಚಿಕ್ಕದಾಗಿದ್ದರೆ ಫುಲ್ ಎಚ್‌ಡಿಯೇ ಧಾರಾಳ. ಪರದೆ ದೊಡ್ಡದಾಗಿ ಹತ್ತಿರ ಕೂರುವವರಾದರೆ 4ಕೆಗೆ ಕೊಟ್ಟ ಹಣ ವ್ಯರ್ಥವಲ್ಲ. ಒಳ್ಳೆಯ ಮೂಲದಿಂದ ಬಂದ ಒಳ್ಳೆಯ ಪ್ರತಿಯನ್ನು ಹುಡುಕಿ. ಚುಕ್ಕೆಯ ಸಂಖ್ಯೆಯನ್ನು ಕೊನೆಯಲ್ಲಿ ವಿಚಾರಿಸಿ.

ದಸರೆಗೆ ಊರಿಗೆ ಹೋದಾಗ ಅಜ್ಜಿ ಎಂದಿನ ಜಾಗದಲ್ಲಿ ಕುಳಿತು ಹಳೆಯ ಕನ್ನಡ ಚಿತ್ರವೊಂದನ್ನು ನೋಡುತ್ತಿದ್ದರು. ಎಲ್ಲಿಂದಲೋ ಹಿಡಿದುತಂದ ಪ್ರತಿ, ಮೈತುಂಬ ಗೀರುಗಳು. ನನ್ನನ್ನು ಕರೆದು, "ನೋಡೋ, ಆಕೆಯ ಸೀರೆಯ ಅಂಚಿನಲ್ಲಿ ರುದ್ರಾಕ್ಷಿ ಬುಟ್ಟ ಇದೆ" ಎಂದರು. ನಾನು ಒಂಬತ್ತು ಅಡಿಯಲ್ಲಿ ನಿಂತು ನೋಡಿದೆ. ನಿಜವಾಗಿಯೂ ಇತ್ತು.